ಫ್ಯಾನಿನ ಧೂಳಿಗೆ ಅಮ್ಮನನ್ನು ಬೈಯಬೇಡಿ

ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದ ನೆಂಟರೊಬ್ಬರು ಕುರ್ಚಿಯಲ್ಲಿ ಕೂತವರೇ ತಲೆ ಎತ್ತಿ ಫ್ಯಾನು ನೋಡಿದರು. "ಒರೆಸಿ ಎಷ್ಟು ತಿಂಗಳಾಯ್ತಮ್ಮ?" ಅಂದರು. "ಹೋದ ಭಾನುವಾರ ತಾನೇ ಒರೆಸಿದ್ದೆ ಕನಣ್ಣ" ಅಂದಳು ಅಮ್ಮ, ತಪ್ಪು ಮಾಡಿದವಳ ಹಾಗೆ. ನನಗೆ ಸಿಟ್ಟು ಬಂದಿದ್ದು ಆಗಲೇ.

ಸ್ವಾಮಿ, ಫ್ಯಾನಿನ ಮೇಲೆ ಧೂಳು ಕೂರೋದು ಹೆಂಗಸರ ಸೋಮಾರಿತನದಿಂದಲ್ಲ. ಲೆಕ್ಕ ಹಾಕಿ ನೋಡಿ. 48 ಇಂಚಿನ ಫ್ಯಾನು ನಿಮಿಷಕ್ಕೆ 350 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಷ್ಟು ವೇಗಕ್ಕೆ ಧೂಳು ಹಾರಿಹೋಗಬೇಕಲ್ವಾ? ಹೋಗಲ್ಲ. ರೆಕ್ಕೆಗೆ ತಾಗಿಕೊಂಡ ಗಾಳಿಯ ತೆಳು ಪದರ ರೆಕ್ಕೆಯ ಜೊತೆಗೇ ಸುತ್ತುತ್ತದೆ. ಅದರೊಳಗೆ ಸೇರಿದ ಸಣ್ಣ ಕಣಕ್ಕೆ ಹೊರಗಿನ ಗಾಳಿ ತಟ್ಟುವುದೇ ಕಡಿಮೆ. ಗಾಳಿ ಸೀಳುವ ಅಂಚಿಗಂತೂ ಕಣಗಳು ಬಂದು ಬಡಿಯುತ್ತಲೇ ಇರುತ್ತವೆ, ಅದಕ್ಕೇ ಅಲ್ಲಿ ದಪ್ಪ ಗೆರೆ. ಅಡುಗೆಮನೆಯ ಎಣ್ಣೆ ಜಿಡ್ಡು ಸೇರಿದರೆ ಕೇಳಲೇಬೇಡಿ. ದಿಂಬಿನ ಕವರ್ ತೊಡಿಸಿ ಒರೆಸುವ ರೀಲ್ಸ್ ಎಷ್ಟು ಬೇಕಾದರೂ ನೋಡಿ, ಮುಂದಿನ ವಾರ ಮತ್ತೆ ಅದೇ ಕಥೆ.

ಕೇಳಬೇಕಾದ ಪ್ರಶ್ನೆ ಬೇರೆ: ಈ ಧೂಳು ಬಂದದ್ದೆಲ್ಲಿಂದ? ಬಟ್ಟೆಯ ಎಳೆ, ಕೂದಲು, ಬೀದಿ ಮಣ್ಣು ಎಲ್ಲ ಊರಲ್ಲೂ ಇದೆ. ನಮ್ಮ ಜಿಲ್ಲೆಯಲ್ಲಿ ಜೊತೆಗೆ ಕಲ್ಲೂ ಇದೆ. ಚಾಮರಾಜನಗರದ ಕರಿಕಲ್ಲು ವಿದೇಶಕ್ಕೂ ಹೋಗುತ್ತದೆ. ಗುಂಡ್ಲುಪೇಟೆ ಕಡೆ ಬಿಳಿಕಲ್ಲು ಕ್ವಾರಿ, ಕ್ರಷರ್, ಜಲ್ಲಿ ತುಂಬಿದ ಟಿಪ್ಪರ್. 2022ರ ಮಾರ್ಚ್‌ನಲ್ಲಿ ಮಡಹಳ್ಳಿಯ ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತಾಗ ಟಿವಿಯವರು ಬಂದರು. ದಿನಾ ಏಳುವ ಧೂಳಿಗೆ ಯಾರೂ ಬರಲ್ಲ.

ನಮ್ಮನೆ ಫ್ಯಾನಿನ ಧೂಳೆಲ್ಲ ಕ್ವಾರಿಯದೇ ಅಂತ ನಾನು ಹೇಳ್ತಿಲ್ಲ. ಆದರೆ ಫ್ಯಾನಿನದನ್ನು ಒರೆಸಬಹುದು. ಕಲ್ಲು ಕೊರೆಯುವಾಗ, ಒಡೆಯುವಾಗ ಏಳುವ ಸಿಲಿಕಾದ ಅತಿ ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿದರೆ ಒರೆಸುವ ಬಟ್ಟೆ ಇಲ್ಲ. ವರ್ಷಗಟ್ಟಲೆ ಅದನ್ನೇ ಉಸಿರಾಡುವ ಕಾರ್ಮಿಕರಿಗೆ ಸಿಲಿಕೋಸಿಸ್ ಬರಬಹುದು. ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ.

"ಕ್ವಾರಿ ಮುಚ್ಚಿಸಿದರೆ ಕೂಲಿ ಯಾರು ಕೊಡ್ತಾರೆ?" ಅಂತೀರಿ. ಮುಚ್ಚಿ ಅಂತ ಯಾರು ಹೇಳಿದ್ದು? ಕೊರೆಯುವಾಗ ನೀರು ಬಿಡಿ, ಕ್ರಷರ್‌ಗೆ ಹೊದಿಕೆ ಹಾಕಿ, ನೀರು ಸಿಂಪಡಿಸಿ, ಟಿಪ್ಪರ್‌ಗೆ ಟಾರ್ಪಾಲು ಕಟ್ಟಿ. ಇದೇನು ರಾಕೆಟ್ ವಿಜ್ಞಾನವೇ? ಕಲ್ಲು ಕ್ರಷರ್‌ಗಳನ್ನು ನಿಯಂತ್ರಿಸಲು ಕರ್ನಾಟಕದಲ್ಲಿ 2011ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಕಾಗದದ ಮೇಲಿರುವುದನ್ನು ಮಾಡಿ ಅಂತ ಕೇಳುವುದಕ್ಕೂ ನಮಗೆ ಬಾಯಿಲ್ಲವೇ?

ಬೆಂಗಳೂರಿನ ಫ್ಲಾಟಿನಲ್ಲಿ ಕರಿ ಗ್ರಾನೈಟಿನ ಅಡುಗೆಕಟ್ಟೆಯನ್ನು ದಿನಾ ಒರೆಸಿ ಹೊಳೆಸುವ ಗೆಳೆಯರೇ, ನಿಮಗೂ ಇದರಲ್ಲಿ ಪಾಲಿದೆ. ಕಲ್ಲು ಕೊಳ್ಳುವಾಗ ಚದರಡಿಗೆ ಎಷ್ಟು ಅಂತ ಚೌಕಾಸಿ ಮಾಡ್ತೀರಲ್ಲ, ಯಾವ ಕ್ವಾರಿಯದು, ಅಲ್ಲಿ ನೀರು ಬಿಟ್ಟು ಕೊರೀತಾರಾ ಅಂತಲೂ ಒಂದು ಸಲ ಕೇಳಿ.

ಆ ನೆಂಟರು ಮುಂದಿನ ಸಲ ಬಂದು ತಲೆ ಎತ್ತಿದರೆ ಸ್ಟೂಲು, ಒದ್ದೆ ಬಟ್ಟೆ ಕೈಗೆ ಕೊಡ್ತೀನಿ. ಒರೆಸಿ ಇಳಿದ ಮೇಲೆ ಕ್ರಷರ್ ಧೂಳಿನ ವಿರುದ್ಧದ ಅರ್ಜಿಗೆ ಸಹಿ ಹಾಕಿಸಿಕೊಂಡೇ ಕಾಫಿ ಕೊಡೋದು.