ಒಂದು ಗುಂಡಿಯ ಬೆಲೆ

ಕಳೆದ ತಿಂಗಳು ಅಂಬಡ್‌ನಿಂದ ಒಂದು ಕಾಗದ ಬಂದಿತು. ಜಾಲ್ನಾ ಜಿಲ್ಲೆಯ ತಾಲೂಕು ಅಂಬಡ್ ಅಲ್ಲ, ನಾಸಿಕದ ಕೈಗಾರಿಕಾ ವಸಾಹತು ಅಂಬಡ್. ಬರೆದವರು ಅಲ್ಲಿಯ ಒಂದು ಕ್ಯಾಂಟೀನಿನಲ್ಲಿ ದುಡಿಯುವ ನಮ್ಮ ಸದಸ್ಯರು. ಅಲ್ಲಿರುವ ನಮ್ಮವರಿಗೆಲ್ಲ ಸೇರಿ ಇದ್ದದ್ದು ಒಂದೇ ಒಂದು ಹಳೆಯ ಲ್ಯಾಪ್‌ಟಾಪ್. ಇ-ಶ್ರಮ್ ನೋಂದಣಿ, ಪ್ರಾವಿಡೆಂಟ್ ಫಂಡಿನ ಲೆಕ್ಕ, ಪಗಾರಿನ ಪಟ್ಟಿ, ಮಕ್ಕಳ ಶಾಲೆಯ ಅರ್ಜಿ ಎಲ್ಲವೂ ಅದರಲ್ಲೇ. ಒಂದು ರಾತ್ರಿ ಅದನ್ನು ಚಾಲೂ ಮಾಡುವ ಗುಂಡಿ ಒಳಕ್ಕೆ ಕುಸಿದು ಕೂತಿತು. ಒತ್ತಿದರೆ ದೀಪವಿಲ್ಲ, ಸದ್ದಿಲ್ಲ.

ಅಂಗಡಿಗೆ ಒಯ್ದರು. ಅಲ್ಲಿ ಸಿಕ್ಕಿದ ಉತ್ತರ ಇದು: ಗುಂಡಿ ಒಂದನ್ನೇ ಹಾಕುವ ಪದ್ಧತಿ ಇಲ್ಲ, ಕೀಲಿಮಣೆ ಸಮೇತ ಮೇಲಿನ ಭಾಗವನ್ನು ಪೂರಾ ಬದಲಿಸಬೇಕು, ಒಂಬತ್ತು ಸಾವಿರ ರೂಪಾಯಿ ಆಗುತ್ತದೆ, ಅದಕ್ಕಿಂತ ಹೊಸತು ಕೊಳ್ಳುವುದೇ ವಾಸಿ. ಮೂರು ವಾರ ಯಂತ್ರ ಖೋಲಿಯ ಮೂಲೆಯಲ್ಲಿ ಬಿದ್ದಿತ್ತು. ಹೊಸದಾಗಿ ಊರಿನಿಂದ ಬಂದ ಹುಡುಗರ ಕಾಗದಪತ್ರ ಅಷ್ಟು ದಿನ ನಿಂತುಹೋಯಿತು. ಮೊಬೈಲಿನಲ್ಲಿ ಆಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಒಬ್ಬನದು ಆಗುತ್ತದೆ. ನಲವತ್ತು ಜನರ ಹಾಜರಿ ಪಟ್ಟಿಯನ್ನು ಅಂಗೈ ಅಗಲದ ಪರದೆಯಲ್ಲಿ ತಾಳೆ ನೋಡಿದವರಿಗೆ ಮಾತ್ರ ಆ ಕಷ್ಟ ಗೊತ್ತು.

ಸಾವಿರಾರು ವೋಲ್ಟಿನ ಪ್ರವಾಹವನ್ನು ಕ್ಷಣಾರ್ಧದಲ್ಲಿ ತುಂಡರಿಸುವ ಸರ್ಕ್ಯೂಟ್ ಬ್ರೇಕರುಗಳನ್ನು ತಯಾರಿಸುವುದು ಇದೇ ಅಂಬಡ್‌ನಲ್ಲಿ. ಆ ಕೆಲಸಗಾರರಿಗೆ ಚಹಾ ಕೊಡುವವನಿಗೆ ಒಂದು ಕಡಲೆಕಾಳಿನಷ್ಟು ಸ್ವಿಚ್ಚು ಸಿಗಲಿಲ್ಲ.

ಕೊನೆಗೆ ಅವರು ಯಂತ್ರವನ್ನು ಪಂಚವಟಿ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಕಳಿಸಿದರು. ನಮ್ಮಲ್ಲಿ ಹಿಂದೆ ಕಪ್ಪು ಬಶಿ ತೊಳೆಯುತ್ತಿದ್ದು, ರಾತ್ರಿಶಾಲೆಯಲ್ಲಿ ಓದಿ, ಈಗ ಲ್ಯಾಮಿಂಗ್ಟನ್ ರೋಡಿನಲ್ಲಿ ಮೇಜು ಹಾಕಿಕೊಂಡಿರುವ ತಮ್ಮನೊಬ್ಬನಿದ್ದಾನೆ. ಅವನು ಬಿಚ್ಚುವಾಗ ನಾವು ಪಕ್ಕದಲ್ಲೇ ಕೂತು ನೋಡಿದೆವು. ಮೊದಲು ಚಾರ್ಜರ್ ಕಿತ್ತ. ಹಿಂದಿನ ತಗಡು ತೆಗೆದು ಬ್ಯಾಟರಿಯ ತಂತಿ ಬಿಡಿಸಿದ. ಇದಕ್ಕೆ ಮುಂಚೆ ಒಳಗೆ ಬೆರಳು ಹಾಕಕೂಡದೆಂದು ಎರಡು ಸಲ ಹೇಳಿದ. ಬ್ಯಾಟರಿ ಉಬ್ಬಿದ್ದರೆ ಮುಟ್ಟದೆ ಜಾಣರ ಕೈಗೆ ಕೊಡಬೇಕಂತೆ.

ಗುಂಡಿ ಎಂದರೆ ನಾವು ತಿಳಿದಂತೆ ಗೋಡೆಯ ಸ್ವಿಚ್ಚಲ್ಲ. ಯಂತ್ರದ ವಿದ್ಯುತ್ತೆಲ್ಲ ಅದರ ಮೂಲಕ ಹರಿಯುವುದಿಲ್ಲ. ಒತ್ತಿದಾಗ ಎರಡು ತಂತಿ ಒಂದು ಗಳಿಗೆ ಕೂಡುತ್ತವೆ, ಆ ಸನ್ನೆ ನೋಡಿ ಒಳಗಿನ ಚಿಕ್ಕ ಚಿಪ್ಪು ಉಳಿದದ್ದನ್ನೆಲ್ಲ ಎಬ್ಬಿಸುತ್ತದೆ. ಗಿರಾಕಿ ಬಂದನೆಂದು ಗಲ್ಲೆಯವರು ಗಂಟೆ ಒತ್ತಿದ ಹಾಗೆ. ಈ ಯಂತ್ರದಲ್ಲಿ ಗುಂಡಿ ಬೇರೆಯೇ ಒಂದು ಪುಟ್ಟ ಹಲಗೆಯ ಮೇಲಿತ್ತು. ಕಾಗದದಷ್ಟು ತೆಳ್ಳನೆಯ ಪಟ್ಟಿಯೊಂದು ಅದನ್ನು ದೊಡ್ಡ ಹಲಗೆಗೆ ಸೇರಿಸಿತ್ತು. ಸ್ವಿಚ್ಚಿನ ಸುತ್ತ ಸಕ್ಕರೆ ಚಹಾ ಒಣಗಿ ಅಂಟಾಗಿತ್ತು. ಕ್ಯಾಂಟೀನಿನ ಯಂತ್ರವಲ್ಲವೇ! ಮೀಟರು ಹಿಡಿದು ಒತ್ತಿ ನೋಡಿದ; ಸದ್ದು ಬರಲಿಲ್ಲ. ಆ ಎರಡು ಕಾಲುಗಳನ್ನು ತಂತಿಯಿಂದ ಮುಟ್ಟಿಸಿದಾಗ ಸದ್ದು ಬಂದಿತು. ಆಗ ಖಾತ್ರಿಯಾಯಿತು, ಕೆಟ್ಟದ್ದು ಸ್ವಿಚ್ಚು, ಪಟ್ಟಿ ಸರಿಯಿದೆ. ಸತ್ತ ಯಂತ್ರವೊಂದರಿಂದ ಅದೇ ಅಳತೆಯ ಸ್ವಿಚ್ಚು ಕಿತ್ತು ಬೆಸುಗೆ ಹಾಕಿ, ಸ್ಪಿರಿಟ್ಟಿನಿಂದ ಒರೆಸಿ ಮುಚ್ಚಿದ. ಮುಕ್ಕಾಲು ಗಂಟೆಯ ಕೆಲಸ, ಕೂಲಿ ಇನ್ನೂರೈವತ್ತು ರೂಪಾಯಿ.

ಎಲ್ಲ ಯಂತ್ರಕ್ಕೂ ಇದು ಸಲ್ಲದು. ಕೆಲವದರಲ್ಲಿ ಗುಂಡಿ ಕೀಲಿಮಣೆಯಲ್ಲೇ ಬೆರೆತಿರುತ್ತದೆ. ಕೆಲವದರಲ್ಲಿ ಬೆರಳಚ್ಚು ಓದುವ ಕಣ್ಣೂ ಅದರಲ್ಲೇ ಇದ್ದು, ಬದಲಿಸಿದರೆ ಆ ಕಣ್ಣು ಹೊಸ ಜಾಗವನ್ನು ಒಪ್ಪದೆ ಕುರುಡಾಗುವುದುಂಟು.

ಅಂಗಡಿಯ ಹುಡುಗನನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅವನೂ ಪಗಾರದವನೇ; ಬಿಡಿಭಾಗ ಕೊಡದಿದ್ದರೆ ಅವನೇನು ಮಾಡಿಯಾನು? ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಅದಕ್ಕಾಗಿ ಪೋರ್ಟಲನ್ನೂ ತೆರೆಯಿತು. ಒಳ್ಳೆಯದೇ. ಪರಂತು ಪೋರ್ಟಲು ಮಾಹಿತಿ ಕೊಡುತ್ತದೆ, ಗುಂಡಿ ಕೊಡುವುದಿಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ದುರಸ್ತಿಯ ಕುರಿತು ನಿರ್ದೇಶನವನ್ನೇ ಹೊರಡಿಸಿತು. ಅಲ್ಲಿಯೂ ಎಲ್ಲ ಸಾಮಾನು ಅದರ ಲೆಕ್ಕಕ್ಕೆ ಬಂದಿಲ್ಲ. ಬಿಡಿ ಸ್ವಿಚ್ಚು ಮಾರಬೇಕು, ಬಿಚ್ಚುವ ಕೈಪಿಡಿ ಕೊಡಬೇಕು ಎಂಬ ಕೇಳಿಕೆಯನ್ನು ನಮ್ಮ ಸಂಘಗಳೂ ಪಗಾರ, ರಜೆಗಳ ಬೇಡಿಕೆಯ ಜೊತೆಗೆ ಬರೆಯತಕ್ಕದ್ದು.

ಸಂಘವೆಂದರೆ ರಿಪೇರಿ ಅಂಗಡಿಯೇ ಎಂದು ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರು ಕೇಳಿದರು. ತಿಂಗಳ ಪಗಾರದ ಅರ್ಧ ಉಳಿಸುವ ಕೆಲಸ ಸಂಘದ್ದಲ್ಲವಾದರೆ ಮತ್ತೆ ಯಾರದೆಂದು ನಾವು ಕೇಳಿದೆವು. ಮಾತು ಬಿಸಿಯಾಯಿತು, ಆದರೆ ಗೊತ್ತುವಳಿ ಪಾಸಾಯಿತು. ಭಾನುವಾರ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ, ಮೂರರಿಂದ ಐದರವರೆಗೆ, ಕಚೇರಿಯಲ್ಲಿ ಮೇಜು ಇರುತ್ತದೆ. ಆ ತಮ್ಮನೂ ಇರುತ್ತಾನೆ, ಕಲಿಯುವ ಹುಡುಗರು ಇಬ್ಬರೂ ಸೇರಿದ್ದಾರೆ. ಅಂಬಡ್‌ನ ಯಂತ್ರ ವಾಪಸು ಹೋಗಿ ನಿಂತ ನೋಂದಣಿ ಮುಂದುವರಿದಿದೆ. ಯಂತ್ರ ತರುವವರು ಚಾರ್ಜರನ್ನೂ ತರಬೇಕು. ಕಳೆದ ವಾರ ಇಬ್ಬರು ಮರೆತು ಬಂದು ಬರಿಗೈಯಲ್ಲಿ ಹೋದರು.