ವಿರಹಗೀತೆ ಕೇಳಿದರೆ ಮನಸ್ಸು ಕೆಡುತ್ತದೆಯೇ?

ಕಾಲೇಜಿಗೆ ಹೋಗುವ ಮಗ ಊಟ ಬಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಒಂದೇ ವಿರಹಗೀತೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ತಂದೆತಾಯಿಗೆ ಗಾಬರಿಯಾಗುವುದು ಸಹಜ. ಸಿನಿಮಾ ಹಾಡುಗಳೇ ಮಕ್ಕಳನ್ನು ಹಾಳು ಮಾಡುತ್ತಿವೆ ಎಂದು ಮೊಬೈಲ್ ಕಸಿದುಕೊಳ್ಳುವವರೂ ಉಂಟು. ದಯವಿಟ್ಟು ಹಾಗೆ ಮಾಡಬೇಡಿ. ದುಃಖದ ಹಾಡು ಕೇಳುವುದು ರೋಗವಲ್ಲ. ಹೇಳಿಕೊಳ್ಳಲಾಗದ ನೋವಿಗೆ ಮಾತು ಸಿಕ್ಕಾಗ ಅಳು ಬರುತ್ತದೆ, ಮನಸ್ಸು ತುಸು ಹಗುರಾಗುತ್ತದೆ.

ನನ್ನ ತಕರಾರು ಇಂಥ ಹಾಡುಗಳಲ್ಲಿರುವ ದುಃಖದ ಬಗೆಗಲ್ಲ, ಆಸೆಯ ಬಗೆಗೆ. ಪಲ್ಲವಿಯಲ್ಲಿ ಅಗಲಿಕೆ ಇದ್ದರೂ ಚರಣಕ್ಕೆ ಬರುವಾಗ ಎಷ್ಟೋ ಹಾಡುಗಳು ಅವಳು ಒಂದು ದಿನ ಮನಸ್ಸು ಬದಲಿಸಿ ಬರುತ್ತಾಳೆ ಎಂಬ ಧಾಟಿಗೆ ಹೊರಳುತ್ತವೆ. ಗಾಯ ಮಾಯಲು ಬಿಡದಿರುವುದು ಈ ನಿರೀಕ್ಷೆಯೇ. ಪ್ರೀತಿಯಲ್ಲಿ ತಿರಸ್ಕೃತರಾದ ಕೆಲವರಿಗೆ ಅವರ ಪ್ರಿಯರ ಭಾವಚಿತ್ರ ತೋರಿಸಿ, ಅಮೆರಿಕದ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಕೇನ್ ಚಟದವರಲ್ಲಿ ಹಂಬಲ ಹುಟ್ಟಿಸುವ ಭಾಗಗಳೇ ಇವರಲ್ಲೂ ಚುರುಕಾಗಿದ್ದವು. ಸಂಬಂಧ ಮುಗಿದರೂ ಮಿದುಳು ಕಾಯುತ್ತಲೇ ಇರುತ್ತದೆ. ಅಂಥ ಮಿದುಳಿಗೆ ಹಗಲೂ ರಾತ್ರಿ ಆಸೆಯನ್ನೇ ಉಣಿಸಿದರೆ ಹೇಗೆ?

'ಬಂಧನ' (1984) ಮತ್ತು 'ಮುಂಗಾರು ಮಳೆ' (2006) ಚಿತ್ರಗಳನ್ನು ನೆನಪಿಸಿಕೊಳ್ಳಿ. ಎರಡರಲ್ಲೂ ನಾಯಕಿಯ ಹೆಸರು ನಂದಿನಿ, ಎರಡರಲ್ಲೂ ನಾಯಕನಿಗೆ ಆಕೆ ದಕ್ಕುವುದಿಲ್ಲ. ಕಣ್ಣೊರೆಸಿಕೊಳ್ಳುತ್ತ ಹೊರಬಂದ ಪ್ರೇಕ್ಷಕನಿಗೆ ಕಥೆ ಮುಗಿಯಿತೆಂದು ಗೊತ್ತಿರುತ್ತಿತ್ತು. ಚಿತ್ರದಿಂದ ಬಿಡಿಸಿಕೊಂಡ ಹಾಡಿಗೆ ಈ ಮುಕ್ತಾಯ ಇರುವುದಿಲ್ಲ. ಕ್ಯಾಸೆಟ್ ಕಾಲದಲ್ಲಾದರೂ ಎದ್ದು ಹಿಂದಕ್ಕೆ ಸುತ್ತಬೇಕಿತ್ತು, ರೇಡಿಯೋ ತನ್ನ ಪಾಡಿಗೆ ಮುಂದಿನ ಹಾಡಿಗೆ ಹೋಗುತ್ತಿತ್ತು. ಮೊಬೈಲ್‌ಗೆ ದಣಿವೆಂಬುದೇ ಇಲ್ಲ.

ಆದ್ದರಿಂದ ಪಕ್ಕದಲ್ಲಿ ಕುಳಿತು ಆ ಹಾಡನ್ನು ನೀವೂ ಕೇಳಿ. ಯಾವ ಸಾಲು ಇಷ್ಟವಾಯಿತೆಂದು ವಿಚಾರಿಸಿ. ಮಗಳಾದರೂ ಅಷ್ಟೇ. ಅಗಲಿಕೆಯ ಸಾಲನ್ನು ಹೇಳಿದರೆ ಸಮಾಧಾನ. ಕಾಯುವ ಸಾಲನ್ನು ಹೇಳಿದರೆ ಸ್ವಲ್ಪ ಹೆಚ್ಚು ಹೊತ್ತು ಕುಳಿತುಕೊಳ್ಳಿ. ಬೇಡವೆಂದ ಹುಡುಗಿಯನ್ನು ಹಿಂಬಾಲಿಸುವುದು 2013ರಿಂದ ನಮ್ಮಲ್ಲಿ ಪ್ರತ್ಯೇಕ ಅಪರಾಧ ಎಂಬುದನ್ನೂ ಹುಡುಗರಿಗೆ ಮನೆಯಲ್ಲೇ ತಿಳಿಸಬೇಕು. ಯಾವ ಹಾಡೂ ಇದನ್ನು ಹೇಳುವುದಿಲ್ಲ!

ಎರಡು ವಾರ ಕಳೆದರೂ ನಿದ್ದೆ, ಊಟ, ಓದು ಹಳಿಗೆ ಬರದಿದ್ದರೆ ವೈದ್ಯರಿಗೆ ತೋರಿಸಿ. ಬದುಕು ಸಾಕೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿಯೆನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.