ವಿಶ್ವವಿದ್ಯಾನಿಲಯದ ಆಯವ್ಯಯ ವಿಚಾರ

ಪ್ರತಿ ವರ್ಷವೂ ಮಾರ್ಚಿ ತಿಂಗಳು ಕಳೆಯುವುದರೊಳಗಾಗಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮುಂದಿನ ಸಾಲಿನ ಆಯವ್ಯಯದ ಅಂದಾಜುಪಟ್ಟಿಯು ಸಿದ್ಧವಾಗತಕ್ಕದ್ದು. ಹಣಕಾಸಿನ ಅಧಿಕಾರಿಯು ಅದನ್ನು ಬರೆಯುವನು, ಹಣಕಾಸು ಸಮಿತಿಯು ಪರಿಶೀಲಿಸುವುದು, ಸಿಂಡಿಕೇಟು ಒಪ್ಪುವುದು. ಮರುದಿನದ ಪತ್ರಿಕೆಯಲ್ಲಿ ಇಷ್ಟು ಕೋಟಿ ಕೊರತೆಯೆಂದು ಎರಡು ಪಂಕ್ತಿ ಬರುವುದು. ವಾಚಕರು ಪುಟ ತಿರುವುವರು. ಅಂಕಿಗಳ ಗೊಡವೆ ಗುಮಾಸ್ತರದು, ವಿದ್ಯೆಯ ವಿಚಾರ ವಿದ್ವಾಂಸರದು ಎಂಬ ಭಾವನೆಯು ಸುಶಿಕ್ಷಿತರಲ್ಲಿಯೂ ಬೇರೂರಿರುವುದು. ಆದರೆ ಯಾವ ಶಾಸ್ತ್ರವು ಉಳಿಯಬೇಕು, ಯಾವ ಪೀಠವು ಬರಿದಾಗಿರಬೇಕು, ಬಡವರ ಮಗಳು ಪರೀಕ್ಷೆಗೆ ಎಷ್ಟು ಹಣ ಕಟ್ಟಬೇಕು ಎಂಬುದೆಲ್ಲ ನಿರ್ಣಯವಾಗುವುದು ಆ ಪಟ್ಟಿಯಲ್ಲಿಯೇ ಹೊರತು ಘಟಿಕೋತ್ಸವದ ಭಾಷಣಗಳಲ್ಲಿ ಅಲ್ಲ.

ಈ ವಿದ್ಯಾಸಂಸ್ಥೆಗೆ ಲೆಕ್ಕದ ಶಾಸ್ತ್ರವು ಅಪರಿಚಿತವೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಒಂದು ತಾಳೆಯೋಲೆಯ ಕಟ್ಟಿನಲ್ಲಿ ಕೌಟಲ್ಯನ ಅರ್ಥಶಾಸ್ತ್ರವಿರುವುದನ್ನು ಗುರುತಿಸಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಮುದ್ರಿಸಿ ಲೋಕಕ್ಕೆ ಕೊಟ್ಟರು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಬಳಿಕ ಆ ಗ್ರಂಥಭಂಡಾರವು ಅದಕ್ಕೇ ಸೇರಿತು. ಆ ಗ್ರಂಥದಲ್ಲಿ ಬೊಕ್ಕಸದ ಲೆಕ್ಕವನ್ನು ಕರಣೀಯ, ಸಿದ್ಧ, ಶೇಷ, ಆಯ, ವ್ಯಯ, ನೀವಿ ಎಂದು ವಿಭಾಗಿಸಿದೆ. ಬೊಕ್ಕಸಕ್ಕೆ ಬಂದು ಸೇರಿದ್ದು ಸಿದ್ಧ; ಬರತಕ್ಕದ್ದಾಗಿ ಇನ್ನೂ ಬಾರದಿರುವುದು ಶೇಷ; ಆಯದಲ್ಲಿ ವ್ಯಯವನ್ನು ಕಳೆದು ಉಳಿದದ್ದು ನೀವಿ. ಶೇಷವನ್ನು ಸಿದ್ಧವೆಂದು ಬರೆದವನ ಲೆಕ್ಕದಲ್ಲಿ ನೀವಿಯು ಕಾಗದದ ಮೇಲೆ ಮಾತ್ರವೇ ಇರುವುದು.

ಇಂದಿನ ವಿಶ್ವವಿದ್ಯಾನಿಲಯಗಳ ಮೊದಲನೆಯ ದೋಷವು ಇದೇ. ಸರ್ಕಾರದಿಂದ ಬರಬಹುದಾದ ಸಹಾಯದ್ರವ್ಯವನ್ನು ಬಂದದ್ದೆಂಬಂತೆ ಪಟ್ಟಿಗೆ ಏರಿಸುವುದು. ಕಂತು ತಡವಾದರೆ ಠೇವಣಿಯನ್ನು ಮುರಿಯುವುದು. ಅದೂ ಸಾಲದಿದ್ದರೆ ಮುಂದಿನ ಸಾಲಿನ ಶುಲ್ಕವನ್ನು ಹಿಂದಿನ ಸಾಲಿನ ಬಾಕಿಗೆ ವಿನಿಯೋಗಿಸುವುದು. ಸರ್ಕಾರದವರ ದೋಷವು ಇದಕ್ಕಿಂತ ದೊಡ್ಡದು. ಅವರು ಕೊಡುವುದಿಲ್ಲವೆಂದು ಹೇಳುವುದಿಲ್ಲ. ಆಂತರಿಕ ಸಂಪನ್ಮೂಲಗಳಿಂದ ಭರಿಸಿಕೊಳ್ಳಿರೆಂದು ಬರೆಯುತ್ತಾರೆ. ಈ ಮೃದುವಾದ ಮಾತಿನ ಅರ್ಥವನ್ನು ಬಿಡಿಸಿ ನೋಡಿದರೆ ಆಂತರಿಕ ಸಂಪನ್ಮೂಲವೆಂಬುದು ಮುಖ್ಯವಾಗಿ ವಿದ್ಯಾರ್ಥಿಗಳ ಪ್ರವೇಶಶುಲ್ಕ, ಪರೀಕ್ಷಾಶುಲ್ಕ ಮತ್ತು ಕಾಲೇಜುಗಳ ಸಂಯೋಜನಾಶುಲ್ಕ. ಸರ್ಕಾರವು ಹಿಂದಕ್ಕೆ ತೆಗೆದುಕೊಂಡ ಹೊರೆಯು ಬಂದು ಕೂರುವುದು ಹದಿನೆಂಟು ವರ್ಷದ ಮಕ್ಕಳ ಹೆಗಲಿನ ಮೇಲೆ.

ಈ ಹೊರೆಯಲ್ಲಿ ಅತಿ ಭಾರವಾದದ್ದು ವಿಶ್ರಾಂತಿವೇತನ. ಮೂವತ್ತು ವರ್ಷ ಪಾಠ ಹೇಳಿ ಮನೆಗೆ ಹೋದ ಅಧ್ಯಾಪಕನಿಗೆ ಅದು ದಾನವಲ್ಲ, ಋಣ. ಆ ಋಣವನ್ನು ತೀರಿಸುವುದಕ್ಕೆ ಇಂದಿನ ವಿದ್ಯಾರ್ಥಿಯ ಪರೀಕ್ಷಾಶುಲ್ಕವನ್ನು ಉಪಯೋಗಿಸುವುದು ಯಾವ ನ್ಯಾಯ? ವಿಶ್ರಾಂತಿವೇತನದ ಭಾರವು ಅನಿರೀಕ್ಷಿತವಾಗಿ ಬೆಳೆಯಿತೆಂದು ಅಧಿಕಾರಿಗಳು ಹೇಳುವುದುಂಟು. ಈ ಮಾತು ನಿಲ್ಲತಕ್ಕದ್ದಲ್ಲ. ಕರ್ನಾಟಕದಲ್ಲಿ 2006ನೆಯ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದವರಿಗೆ ವಂತಿಗೆಯ ಹೊಸ ಪದ್ಧತಿಯು ಅನ್ವಯಿಸುವುದು. ಹಳೆಯ ಪದ್ಧತಿಯವರ ಪಟ್ಟಿಯು ಅಂದಿಗೇ ಮುಗಿಯಿತು. ಅವರ ಜನ್ಮದಿನಾಂಕಗಳೂ ನಿವೃತ್ತಿಯ ದಿನಗಳೂ ಕಚೇರಿಯ ದಫ್ತರದಲ್ಲಿವೆ. ಇದು ಆಕಾಶದಿಂದ ಎರಗಿದ ಸಿಡಿಲಲ್ಲ. ಪಂಚಾಂಗದಲ್ಲಿ ಮೊದಲೇ ಬರೆದಿರುವ ಗ್ರಹಣ. ಗ್ರಹಣವನ್ನು ಕಂಡು ಬೆಚ್ಚಿ ಬೀಳುವ ಜೋಯಿಸನನ್ನು ಯಾವ ಊರಿನವರು ನಂಬುವರು?

ಎರಡನೆಯದು ವಿಭಾಗದ ವಿಚಾರ. ಮೈಸೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಜಿಲ್ಲೆಗಳ ಕಾಲೇಜುಗಳು ಇದ್ದವು. ಮಂಡ್ಯವೂ, 2022ರ ತಿದ್ದುಪಡಿಯಿಂದ ಹಾಸನ ಚಾಮರಾಜನಗರಗಳೂ ಬೇರೆಯಾದವು. ಹಾಸನದ ಹೇಮಗಂಗೋತ್ರಿಯೆಂಬ ಸ್ನಾತಕೋತ್ತರ ಕೇಂದ್ರವೇ ವಿಶ್ವವಿದ್ಯಾನಿಲಯವೆಂಬ ಹೆಸರನ್ನು ಪಡೆಯಿತು. ತಾಯಿಸಂಸ್ಥೆಗೆ ಆಗ ಉಳಿದದ್ದು ಒಂದೇ ಜಿಲ್ಲೆ. ಜಿಲ್ಲೆಗೊಂದು ವಿದ್ಯಾಕೇಂದ್ರವಿರುವುದು ಒಳ್ಳೆಯದೇ. ಹಳ್ಳಿಯ ಮಕ್ಕಳು ದೂರ ಹೋಗುವ ಕಷ್ಟವು ತಪ್ಪುವುದು. ಆಕ್ಷೇಪವು ವಿಭಾಗಕ್ಕಲ್ಲ, ವಿಭಾಗಿಸಿದ ಕ್ರಮಕ್ಕೆ. ಕಾಲೇಜುಗಳು ಹೋದವು, ಅವುಗಳೊಡನೆ ಸಂಯೋಜನಾಶುಲ್ಕವೂ ಪರೀಕ್ಷಾಶುಲ್ಕವೂ ಹೋದವು. ನಾಲ್ಕು ಜಿಲ್ಲೆಗಳ ಕಾಲದಲ್ಲಿ ದುಡಿದವರ ವಿಶ್ರಾಂತಿವೇತನದ ಋಣವು ಮಾತ್ರ ಹಳೆಯ ಮನೆಯಲ್ಲಿಯೇ ಉಳಿಯಿತು.

ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದನು. ದಾಯವಿಭಾಗವಾಗುವಾಗ ಸೊತ್ತಿನೊಡನೆ ಋಣವನ್ನೂ ಹಂಚಿಕೊಳ್ಳಬೇಕೆಂಬುದು ಆ ಶಾಸ್ತ್ರದ ನಿಯಮ. ಓದುಬರಹ ತಿಳಿಯದ ಒಕ್ಕಲಿಗನ ಮನೆಯಲ್ಲಿಯೂ ಗದ್ದೆಯನ್ನು ಪಾಲು ಮಾಡುವ ದಿನ ಸಾಲವನ್ನು ಪಾಲು ಮಾಡದೆ ಏಳುವುದಿಲ್ಲ. ಆ ವಿವೇಕವು ಶಾಸನ ಮಾಡುವವರಿಗೆ ಹೊಳೆಯಲಿಲ್ಲ. ಬೇರೆಯಾದ ಮಕ್ಕಳಾದರೂ ಸುಖವಾಗಿ ಬೆಳೆದವೇ ಎಂದರೆ ಅದೂ ಇಲ್ಲ. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಹಣದ ಅಭಾವದಿಂದ ಮುಚ್ಚುವ ವಿಚಾರವು ಸಚಿವಸಂಪುಟದ ಉಪಸಮಿತಿಯಲ್ಲಿ ಬಂದಿತು. ತೊಟ್ಟಿಲು ಕಟ್ಟುವ ದಿನ ಹಾಲಿನ ಲೆಕ್ಕ ಹಾಕದವರು, ಕೂಸು ಅಳುವಾಗ ತೊಟ್ಟಿಲನ್ನು ಬಿಚ್ಚುವ ಮಾತಾಡಿದರು. ಕಟ್ಟಿದ ಸರ್ಕಾರ ಒಂದು, ಬಿಚ್ಚುವ ಮಾತಾಡಿದ ಸರ್ಕಾರ ಇನ್ನೊಂದು. ಲೆಕ್ಕದ ವಿಷಯದಲ್ಲಿ ಎರಡೂ ಒಂದೇ ಪಾಠಶಾಲೆಯಲ್ಲಿ ಕಲಿತಂತೆ ತೋರುವುದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಸರ್ಕಾರದ ಬೊಕ್ಕಸವು ಅಕ್ಷಯಪಾತ್ರೆಯಲ್ಲ. ವಿಶ್ವವಿದ್ಯಾನಿಲಯಗಳು ತಮ್ಮ ದುಡಿಮೆಯಿಂದಲೇ ಬದುಕಲಿ. ಹಣ ತರುವ ವಿಷಯಗಳನ್ನು ಬೆಳೆಸಿ, ತಾರದ ವಿಷಯಗಳನ್ನು ಕೈಬಿಡಲಿ ಎಂದು ಕೆಲವರು ವಾದಿಸುವರು. ಬೊಕ್ಕಸಕ್ಕೆ ಮಿತಿಯಿರುವುದು ನಿಜ. ವಿಶ್ವವಿದ್ಯಾನಿಲಯಗಳು ಅಧ್ಯಾಪಕರಿಲ್ಲದ ಕಡೆ ಹೊಸ ವ್ಯಾಸಂಗಗಳನ್ನು ತೆರೆದುದೂ, ಪಾಠಕ್ಕಿಂತ ಕಟ್ಟಡಕ್ಕೆ ಮನಸ್ಸು ಕೊಟ್ಟುದೂ ನಿಜ. ಅದನ್ನು ಮುಚ್ಚಿಡುವವರು ವಿದ್ಯೆಯ ಮಿತ್ರರಲ್ಲ. ಆದರೆ ಹಣ ತಾರದ ವಿದ್ಯೆಯು ಬೇಡವೆಂಬವರು ಒಂದು ಪ್ರಶ್ನೆಗೆ ಉತ್ತರ ಹೇಳಲಿ. ಶಾಮಶಾಸ್ತ್ರಿಗಳು ಆ ತಾಳೆಯೋಲೆಯ ಕಟ್ಟನ್ನು ಬಿಚ್ಚಿ ಕುಳಿತಾಗ ಅದರಿಂದ ಎಷ್ಟು ಶುಲ್ಕವು ಬರುತ್ತಿತ್ತು? ಇಂದಿನ ಅಳತೆಗೋಲು ಅಂದು ಇದ್ದಿದ್ದರೆ ಅದು ನಿಷ್ಫಲವಾದ ವ್ಯಯವೆಂದು ಪಟ್ಟಿಯಿಂದ ಹೊಡೆದುಹಾಕಲ್ಪಡುತ್ತಿತ್ತು. ಅರ್ಥಶಾಸ್ತ್ರವೇ ಅರ್ಥಾಭಾವಕ್ಕೆ ಬಲಿಯಾಗುತ್ತಿತ್ತು.

ಮೂರನೆಯದು ಖಾಲಿ ಪೀಠಗಳು. ಅಧ್ಯಾಪಕನು ನಿವೃತ್ತನಾದ ಮೇಲೆ ಆ ಸ್ಥಾನವನ್ನು ತುಂಬದೆ ಬಿಡುವುದು ಮಿತವ್ಯಯವೆಂದು ಭಾವಿಸಲ್ಪಟ್ಟಿದೆ. ಆ ಸ್ಥಾನಕ್ಕೆ ಬರುವವನು ಅತಿಥಿ ಉಪನ್ಯಾಸಕ. ತಿಥಿಯಿಲ್ಲದೆ ಬಂದು ಹೋಗುವವನು ಅತಿಥಿಯೆಂದು ವ್ಯುತ್ಪತ್ತಿಯನ್ನು ಹೇಳುವರು. ಹತ್ತು ಹದಿನೈದು ವರ್ಷಗಳಿಂದ ಅದೇ ಕೊಠಡಿಯಲ್ಲಿ ಅದೇ ಪಾಠವನ್ನು ಹೇಳುತ್ತಿರುವವನನ್ನು ಅತಿಥಿಯೆನ್ನುವುದು ಭಾಷೆಗೂ ಅಪಚಾರ, ಮನುಷ್ಯನಿಗೂ ಅಪಚಾರ. ಅತಿಥಿಯೆಂದು ಕರೆದು ಆತನಿಗೆ ರಜೆಯ ತಿಂಗಳ ಅನ್ನವನ್ನು ತಪ್ಪಿಸುವ ಆತಿಥ್ಯವನ್ನು ಯಾವ ಗೃಹಸ್ಥನೂ ಕಂಡಿಲ್ಲ. ಇದರಿಂದ ಉಳಿತಾಯವಾದರೂ ಆಗುವುದೇ? ಪೀಠವು ಬರಿದಾದರೆ ಸಂಶೋಧನೆಯು ನಿಲ್ಲುವುದು, ವಿಭಾಗದ ಕೀರ್ತಿಯು ಕುಗ್ಗುವುದು, ವಿದ್ಯಾರ್ಥಿಗಳು ಕಡಮೆಯಾಗುವರು, ಶುಲ್ಕವು ಇಳಿಯುವುದು, ಕೊರತೆಯು ಬೆಳೆಯುವುದು. ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದವನಿಗೆ ಸುಂಕದ ಕಟ್ಟೆಯ ಬಾಗಿಲಲ್ಲಿಯೇ ಬೆಳಗಾಯಿತೆಂಬ ಘಟ್ಟಕುಟೀಪ್ರಭಾತ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯದು.

ಕೇಂದ್ರ ಸರ್ಕಾರದ ರೀತಿಯೂ ಇದಕ್ಕೆ ಭಿನ್ನವಲ್ಲ. 2006ರ ವೇತನಪರಿಷ್ಕರಣದಲ್ಲಿ ಹೆಚ್ಚಿದ ವ್ಯಯದ ನೂರಕ್ಕೆ 80 ಭಾಗವನ್ನು 2010ನೆಯ ಮಾರ್ಚಿ 31ರ ವರೆಗೆ ಕೊಡುವುದಾಗಿ ಅದು ಒಪ್ಪಿತು. 2016ರ ಪರಿಷ್ಕರಣದಲ್ಲಿ ನೂರಕ್ಕೆ 50 ಭಾಗವನ್ನು, 2019ನೆಯ ಮಾರ್ಚಿ 31ರ ವರೆಗೆ ಮಾತ್ರ. ಸಹಾಯಕ್ಕೆ ಅವಧಿಯುಂಟು, ವೇತನಕ್ಕೆ ಅವಧಿಯಿಲ್ಲ. ಅವಧಿಯ ಮರುದಿನದಿಂದ ಅದು ರಾಜ್ಯದ ಹೊರೆ. ಕೇಂದ್ರವು ರಾಜ್ಯದ ಕಡೆಗೆ, ರಾಜ್ಯವು ವಿಶ್ವವಿದ್ಯಾನಿಲಯದ ಕಡೆಗೆ, ವಿಶ್ವವಿದ್ಯಾನಿಲಯವು ವಿದ್ಯಾರ್ಥಿಯ ಕಡೆಗೆ ಕೈ ತೋರಿಸುವುವು. ವಿದ್ಯಾರ್ಥಿಯು ಯಾರ ಕಡೆಗೆ ಕೈ ತೋರಿಸಬೇಕು?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ ಪಟ್ಟಿಯು ಸತ್ಯವನ್ನು ಹೇಳಬೇಕು. ಸಿದ್ಧವನ್ನೂ ಶೇಷವನ್ನೂ ಬೇರೆಬೇರೆ ಕಲಮುಗಳಲ್ಲಿ ಬರೆದು, ಸಿದ್ಧವಾದ ಹಣದ ಮೇಲೆ ಮಾತ್ರ ಹೊಸ ವ್ಯಯವನ್ನು ನಿಲ್ಲಿಸಬೇಕು. ವಿಶ್ರಾಂತಿವೇತನವನ್ನು ಪ್ರತ್ಯೇಕ ಪುಟದಲ್ಲಿರಿಸಿ, ಮುಂದಿನ ಇಪ್ಪತ್ತು ವರ್ಷಗಳ ಅಂದಾಜಿನೊಡನೆ, ಅದು ಸರ್ಕಾರದ ಋಣವೆಂದು ಸ್ಪಷ್ಟವಾಗಿ ನಮೂದಿಸಬೇಕು. ವಿಭಾಗವಾದ ಜಿಲ್ಲೆಗಳ ಪಾಲನ್ನು ಸರ್ಕಾರವೇ ಹೊರಬೇಕು. ಪರೀಕ್ಷಾಶುಲ್ಕವು ಪರೀಕ್ಷೆಯ ವ್ಯಯವನ್ನು ಮೀರಬಾರದು. ದಾನಿಗಳು ಪದಕಗಳಿಗೂ ವಿದ್ಯಾರ್ಥಿವೇತನಗಳಿಗೂ ಮುಡಿಪಿಟ್ಟ ದತ್ತಿನಿಧಿಗಳನ್ನು ಯಾವ ಸಂಕಟದಲ್ಲಿಯೂ ಮುಟ್ಟಬಾರದು. ಪ್ರತಿಯೊಂದು ಖಾಲಿ ಸ್ಥಾನದ ಎದುರಿಗೆ, ಅದರಿಂದ ತಪ್ಪಿದ ಪಾಠಗಳ ಗಂಟೆಗಳನ್ನೂ ಬರೆಯಬೇಕು. ಆಗ ಉಳಿತಾಯದ ನಿಜವಾದ ಬೆಲೆಯು ಕಾಣುವುದು. ಸರ್ಕಾರವು ತನ್ನ ಸಹಾಯದ್ರವ್ಯವನ್ನು ಮೂರು ವರ್ಷಗಳಿಗೆ ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕು. ಕಡಮೆ ಕೊಡುವುದಾದರೆ ಕಡಮೆಯೆಂದೇ ವಿಧಾನಮಂಡಲದಲ್ಲಿ ಹೇಳಬೇಕು. ಕಡೆಯದಾಗಿ, ಈ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಸಿಂಡಿಕೇಟು ಒಪ್ಪುವುದಕ್ಕೆ ಒಂದು ತಿಂಗಳ ಮುಂಚೆ ಎಲ್ಲ ಕಾಲೇಜುಗಳಿಗೂ ಕಳುಹಿಸಬೇಕು.

ಇವುಗಳಲ್ಲಿ ಒಂದಕ್ಕಾದರೂ ಹೊಸ ಹಣವು ಬೇಕಾಗುವುದು ವಿಶ್ರಾಂತಿವೇತನದ ವಿಷಯದಲ್ಲಿ ಮಾತ್ರ. ಉಳಿದವುಗಳಿಗೆ ಬೇಕಾದದ್ದು ಧೈರ್ಯ. ಮಗನ ಮದುವೆಯ ಖರ್ಚನ್ನು ಕಾಸುಕಾಸಾಗಿ ಬರೆದಿಡುವ ಗೃಹಸ್ಥರು, ಮಗನು ಓದುವ ವಿದ್ಯಾಲಯದ ಲೆಕ್ಕವನ್ನು ಕೇಳದೆ ಕುಳಿತಿರುವುದು ಶೋಭಿಸುವುದಿಲ್ಲ. ಮುಂದಿನ ಮಾರ್ಚಿಯಲ್ಲಿ ಆ ಎರಡು ಪಂಕ್ತಿಗಳು ಮತ್ತೆ ಪತ್ರಿಕೆಯಲ್ಲಿ ಬರುವುವು. ಆಗ ಪುಟವನ್ನು ತಿರುವದೆ, ಇದರಲ್ಲಿ ಸಿದ್ಧವೆಷ್ಟು, ಶೇಷವೆಷ್ಟು ಎಂದು ಪ್ರತಿಯೊಂದು ಮನೆಯಿಂದಲೂ ಒಂದು ಕಾಗದವು ವಿಶ್ವವಿದ್ಯಾನಿಲಯದ ಕಚೇರಿಗೂ ವಿಧಾನಮಂಡಲದ ಸದಸ್ಯರಿಗೂ ಹೋಗಲಿ.